ಅರವತ್ತಮೂವರು ವ್ಯಸನಿಗಳು

ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಯಾರಿಗೂ ಅಪಾಯವಾದದ್ದಿಲ್ಲ. ಕನ್ನಡ ತನಗೊಬ್ಬನಿಗೇ ಚೆನ್ನಾಗಿ ಬರುತ್ತದೆ ಎಂದುಕೊಂಡವರ ಮಾತು ಬೇರೆ. ಚಾಮರಾಜಪೇಟೆಯ ವಿಶ್ವಾರಾಧ್ಯರು ಈ ಎರಡನೆಯ ಪಂಗಡದವರು.

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಅವರಿಗೆ ಕರಡು ತಿದ್ದುವ ಕೆಲಸ. ಮೂವತ್ತೊಂದು ವರ್ಷಗಳಿಂದ ಊರಿನ ಅರ್ಧಪಾಲು ಮದುವೆಗಳು ಅವರ ಕನ್ನಡಕದ ಕೆಳಗೆ ಹಾದುಹೋಗಿದ್ದವು. ಒಂದೇ ಒಂದು ಸಲ ವರನ ಹೆಸರಿನ ಹಿಂದೆ 'ಚಿ. ಸೌ.' ಎಂದು ಅಚ್ಚಾಗಿ ಬೀಗರ ನಡುವೆ ಸಣ್ಣ ಯುದ್ಧವೇ ನಡೆದಿತ್ತು. ಆ ದಿನ ತಾವು ರಜೆಯಲ್ಲಿದ್ದುದನ್ನು ಅವರು ಈಗಲೂ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ತಿದ್ದುವ ಕೆಲಸ ಅಂಗಡಿಯಲ್ಲೇ ಮುಗಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ, ಮನೆ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ 'ಶೃದ್ಧಾಂಜಲಿ' ಎಂದಿರುವುದನ್ನು ಕಂಡು, ಅಳುತ್ತಿದ್ದ ಮಗನನ್ನು ಪಕ್ಕಕ್ಕೆ ಕರೆದು, ಮಾರ್ಕರ್ ಪೆನ್ ಇದೆಯೇ ಎಂದು ವಿಚಾರಿಸಿದ್ದರು. ಬೀದಿ ಅವರನ್ನು 'ಪಂಡಿತರು' ಎಂದು ಕರೆಯುತ್ತಿತ್ತು. ಅದರಲ್ಲಿ ಗೌರವ ಎಷ್ಟು, ಸಹನೆ ಎಷ್ಟು ಎಂದು ಅವರು ಬಿಡಿಸಿ ನೋಡಿರಲಿಲ್ಲ.

ಮನೆಯಲ್ಲಿ ಅವರು, ಹೆಂಡತಿ ಮಹಾನಂದ, ಮಹಡಿಯ ಕೋಣೆಯಲ್ಲಿ ಮಹಾನಂದಳ ತಮ್ಮ ಚಿದಂಬರ. ಚಿದಂಬರನಿಗೆ ನಲವತ್ತಮೂರು ವರ್ಷ. ಎಂಥ ಹಳೆಯ ಹೊಲಿಗೆ ಯಂತ್ರವನ್ನಾದರೂ ಮತ್ತೆ ಓಡುವಂತೆ ಮಾಡುತ್ತಿದ್ದ. ಆರು ವರ್ಷಗಳಿಂದ ಕುಡಿಯುತ್ತಿದ್ದ. ಈ ಎರಡನೆಯ ಸಂಗತಿಗೆ ಮನೆಯಲ್ಲಿ 'ಪಿತ್ತ' ಎಂದು ಹೆಸರು. "ಇವತ್ತು ಅವನಿಗೆ ಪಿತ್ತ ಜಾಸ್ತಿ" ಎಂದರೆ ಊಟಕ್ಕೆ ಕರೆಯಬೇಡಿ ಎಂದರ್ಥ. ಬೀದಿಯವರೂ ಒಳ್ಳೆಯವರು, ಪಿತ್ತಕ್ಕೆ ಜೀರಿಗೆ ಕಷಾಯ ಒಳ್ಳೆಯದು ಎಂದು ಗಂಭೀರವಾಗಿ ಹೇಳಿಹೋಗುತ್ತಿದ್ದರು.

ಇನ್ನೊಂದು ವರ್ಷ ಹೀಗೇ ನಡೆದರೆ ಲಿವರ್ ತಡೆಯುವುದಿಲ್ಲ ಎಂದು ವೈದ್ಯರು ಮಹಾನಂದಳನ್ನು ಕೂರಿಸಿ ಹೇಳಿದ್ದರು. ಊರಾಚೆಯ ಒಂದು ಖಾಸಗಿ ಕೇಂದ್ರಕ್ಕೆ ಅವಳು ತಮ್ಮನನ್ನು ಸೇರಿಸಿಯೂ ನೋಡಿದ್ದಳು. ಅವನು ಮೂರನೆಯ ದಿನ ಕಾಂಪೌಂಡು ಹಾರಿ, ಎರಡು ಬಸ್ಸು ಬದಲಾಯಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದಿದ್ದ. ಅಲ್ಲಿ ನಮ್ಮವರು ಅಂತ ಒಂದು ಮುಖವೂ ಕಾಣಲಿಲ್ಲ ಅಕ್ಕ ಎಂದಿದ್ದ. ಅಂದಿನಿಂದ ಮಹಾನಂದಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ನಡೆದುಹೋಗಿ ದಿನಾ ಮುಖ ತೋರಿಸಿ ಬರುವಷ್ಟು ಹತ್ತಿರದಲ್ಲಿ ಅಂಥದೊಂದು ಜಾಗ ಇದ್ದಿದ್ದರೆ.

ಅವರ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಕಟ್ಟಡವಿತ್ತು. ಹಿಂದೆ ತೂಕ-ಅಳತೆಯ ಕಚೇರಿಯಾಗಿದ್ದು, ಹದಿನಾಲ್ಕು ವರ್ಷದಿಂದ ಮುಚ್ಚಿತ್ತು. ಬೀಗ ಹಾಕಿದ ಅಧಿಕಾರಿ ನಿವೃತ್ತರಾಗಿದ್ದರು, ಬೀಗದ ಕೈ ಇಟ್ಟುಕೊಂಡ ಗುಮಾಸ್ತೆ ವರ್ಗವಾಗಿ ಹೋಗಿದ್ದರು, ಬೀಗ ಮಾತ್ರ ಕರ್ತವ್ಯದಲ್ಲಿತ್ತು. ತಾರಸಿಯ ಮೇಲೆ ಬೆಳೆದ ಅರಳಿ ಗಿಡಕ್ಕೆ ಬೀದಿಯ ಹೆಂಗಸರು ಕೆಳಗಿನಿಂದಲೇ ಕೈಮುಗಿಯುತ್ತಿದ್ದರು.

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಆ ಕಟ್ಟಡದ ಗೋಡೆಯ ಮೇಲೆ ಒಂದು ಪ್ರಕಟಣೆ ಅಂಟಿಕೊಂಡಿತ್ತು. ಸದರಿ ಕಟ್ಟಡದಲ್ಲಿ ವ್ಯಸನಮುಕ್ತಿ ಕೇಂದ್ರವನ್ನು ಸ್ಥಾಪಿಸಲು ಉದ್ದೇಶಿಸಲಾಗಿದ್ದು, ಸ್ಥಳೀಯ ನಿವಾಸಿಗಳು ತಮ್ಮ ಒಪ್ಪಿಗೆಯನ್ನು ಅಥವಾ ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದಿತ್ತು.

ಮೊದಲು ಓದಿದವರು ನಿವಾಸಿಗಳ ಸಂಘದ ಅಧ್ಯಕ್ಷ ಯೋಗಾನಂದರು. ಅವರಿಗೆ ಪಾತ್ರೆ ಅಂಗಡಿ. ಸರ್ಕಾರ ಏನನ್ನೇ ಉದ್ದೇಶಿಸಿದರೂ ಅದಕ್ಕೆ ಆಕ್ಷೇಪಣೆ ಸಲ್ಲಿಸುವುದು ಅಧ್ಯಕ್ಷರ ಧರ್ಮವೆಂದು ತಿಳಿದವರು. ಆದರೆ ಯಾವುದಕ್ಕೆ ಆಕ್ಷೇಪಿಸಬೇಕೆಂದು ತಿಳಿಯದೆ ಪಂಡಿತರನ್ನು ಕರೆಸಿದರು. ಅಷ್ಟರಲ್ಲಿ ತರಕಾರಿ ವ್ಯಾಪಾರದ ದ್ರೌಪದಮ್ಮ ತಳ್ಳುಗಾಡಿಯನ್ನು ಅಲ್ಲೇ ನಿಲ್ಲಿಸಿ, ಇದು ಕುಡುಕರ ಆಸ್ಪತ್ರೆಯಂತೆ, ನನ್ನ ಮಗ ಮುನಿರಾಜು ಹೇಳಿದ ಎಂದು ಸುದ್ದಿ ಹಬ್ಬಿಸಿಯಾಗಿತ್ತು.

ವಿಶ್ವಾರಾಧ್ಯರು ಕನ್ನಡಕ ಏರಿಸಿ ಪ್ರಕಟಣೆಯನ್ನು ಎರಡು ಸಲ ಓದಿದರು. ಆಮೇಲೆ ದ್ರೌಪದಮ್ಮನ ಕಡೆ ತಿರುಗಿ ಕರುಣೆಯಿಂದ ನಕ್ಕರು.

"ಕುಡಿತ ಆಗಿದ್ರೆ 'ದುರ್ವ್ಯಸನ' ಅಂತ ಬರೀಬೇಕಾಗಿತ್ತು ದ್ರೌಪದಮ್ಮ. ಇಲ್ಲಿ 'ದುರ್' ಎಲ್ಲಿದೆ, ತೋರ್ಸಿ ನೋಡೋಣ. ಬರೀ ವ್ಯಸನ ಅಂದ್ರೆ ದುಃಖ."

ದ್ರೌಪದಮ್ಮ 'ದುರ್' ಹುಡುಕಿದಳು. ಸಿಗಲಿಲ್ಲ.

ಪುರಾವೆಯೂ ಪಂಡಿತರ ಬಳಿ ಸಿದ್ಧವಿತ್ತು. ಅವರ ಅಂಗಡಿಯಲ್ಲಿ ಲಗ್ನಪತ್ರಿಕೆಯ ಜೊತೆಗೆ ಶಿವಗಣಾರಾಧನೆಯ ಕಾರ್ಡುಗಳೂ ಅಚ್ಚಾಗುತ್ತಿದ್ದವು. "ನಮ್ಮ ಪೂಜ್ಯ ತಂದೆಯವರು ಶಿವೈಕ್ಯರಾದರೆಂದು ತಿಳಿಸಲು ವ್ಯಸನಪಡುತ್ತೇವೆ" ಎಂಬ ವಾಕ್ಯವನ್ನು ಅವರು ಕಡಿಮೆಯೆಂದರೂ ನಾಲ್ಕು ಸಾವಿರ ಸಲ ತಿದ್ದಿದ್ದರು. ಒಬ್ಬ ಮಗನಾದರೂ ಅಪ್ಪ ಸತ್ತದ್ದನ್ನು ತಿಳಿಸಲು ಕುಡಿಯುತ್ತೇವೆ ಎಂದು ಅಚ್ಚು ಹಾಕಿಸುತ್ತಾನೆಯೇ? ಹಾಕಿಸುವುದಿಲ್ಲ. ಆದ್ದರಿಂದ ಇದು ದುಃಖ ಕಳೆಯುವ ಕೇಂದ್ರ. ಹೊರದೇಶಗಳಲ್ಲಿ ಇಂಥವು ಎಷ್ಟೋ ಇವೆಯಂತೆ. ಸರ್ಕಾರಕ್ಕೆ ಈಗ ಬುದ್ಧಿ ಬಂದಿದೆ.

ಸರ್ಕಾರಕ್ಕೆ ಬುದ್ಧಿ ಬಂದ ಸುದ್ದಿ ಬೀದಿಗೆ ಹಿಡಿಸಿತು. ದುಃಖ ಯಾರಿಗಿಲ್ಲ? ಅದೂ ಮನೆ ಬಾಗಿಲಲ್ಲೇ ಪುಕ್ಕಟೆಯಾಗಿ ಕಳೆಯುವುದಾದರೆ ಆಕ್ಷೇಪಣೆ ಯಾಕೆ? ಯೋಗಾನಂದರು ಜೀವನದಲ್ಲಿ ಮೊದಲ ಬಾರಿಗೆ ಒಂದು ಒಪ್ಪಿಗೆ ಪತ್ರ ಕೊಡಲು ನಿರ್ಧರಿಸಿ, ಬರೆಯುವ ಹೊಣೆಯನ್ನು ಪಂಡಿತರಿಗೆ ವಹಿಸಿದರು.

ಮಹಾನಂದ ಸಂಜೆ ಹಾಲು ತರಲು ಹೋದವಳು ಪ್ರಕಟಣೆಯ ಮುಂದೆ ನಿಂತು, ಓದಿ, ಹಾಲು ಮರೆತು ವಾಪಸ್ಸು ಬಂದಳು. ಗಂಡ ಅವಳಿಗೆ ವ್ಯಸನದ ಅರ್ಥವನ್ನು ಮೊದಲಿನಿಂದ ವಿವರಿಸಿದರು. ಅವಳು ಬಿ.ಎ. ಓದಿದವಳು, ವಾದದಲ್ಲಿ ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ಅಂಥವಳು ಆ ದಿನ "ನೀವು ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಬಿಡಿ" ಎಂದುಬಿಟ್ಟಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ಹೀಗೆ ಆದದ್ದು ಇದೇ ಮೊದಲು. ಬುದ್ಧಿವಂತನಾದವನು ಅಲ್ಲೇ ಅನುಮಾನಪಡಬೇಕಿತ್ತು. ವಿಶ್ವಾರಾಧ್ಯರು ಖುಷಿಪಟ್ಟರು.

ಪತ್ರ ಬರೆಯಲು ಮೂರು ದಿನ ಹಿಡಿಯಿತು. ಸಂಪೂರ್ಣ ಪತ್ರವನ್ನು ಇಲ್ಲಿ ಕೊಡುವುದು ಕಷ್ಟ. ಒಂದು ವಾಕ್ಯ ಸಾಕು.

"ಕೆಳಗೆ ಸಹಿ ಮಾಡಿರುವ ನಾವೆಲ್ಲರೂ ಬಹುಕಾಲದ ವ್ಯಸನಿಗಳಾಗಿದ್ದು, ಮನೆಯ ನಾಲ್ಕು ಗೋಡೆಗಳ ನಡುವೆ ಗುಟ್ಟಾಗಿ ನಮ್ಮ ವ್ಯಸನವನ್ನು ಅನುಭವಿಸುತ್ತ ಬಂದಿರುವುದರಿಂದ, ಸದರಿ ಕೇಂದ್ರದ ಬಾಗಿಲು ಎಂದು ತೆರೆದೀತೋ ಎಂದು ಕಾತರರಾಗಿದ್ದೇವೆ."

ಮೊದಲ ಸಹಿ ಅಧ್ಯಕ್ಷ ಯೋಗಾನಂದರದು. ಕೊನೆಯದು ಎಪ್ಪತ್ತೆಂಟು ವರ್ಷದ ಗುರುಬಸಮ್ಮನದು. ಎಣಿಸಿದಾಗ ಅರವತ್ತಮೂರು ಬಂತು. ಅರವತ್ತಮೂವರು ಪುರಾತನರ ಲೆಕ್ಕ ಸರಿಹೋಯಿತಲ್ಲ, ಶಿವನೇ ಮೆಚ್ಚಿದ ಹಾಗೆ ಎಂದು ಗುರುಬಸಮ್ಮ ಹಣೆ ಮುಟ್ಟಿಕೊಂಡಳು. ಪತ್ರದ ಚೆಲುವನ್ನು ಲೋಕವೂ ಕಾಣಲೆಂದು ದ್ರೌಪದಮ್ಮನ ಮಗ ಮುನಿರಾಜು ಅದರ ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ.

ಇಲಾಖೆಯ ಕಚೇರಿಯಲ್ಲಿ ಆ ಪತ್ರವನ್ನು ಓದಿದವರು ಎದ್ದು ನಿಂತರಂತೆ. ಇಂಥ ಕೇಂದ್ರ ತೆರೆಯುತ್ತೇವೆಂದರೆ ಬರುವುದು ಆಕ್ಷೇಪಣೆ, ಧರಣಿ, ವಕೀಲರ ನೋಟಿಸು. ಇಲ್ಲಿ ಒಂದು ಬೀದಿಗೆ ಬೀದಿಯೇ, ಅಧ್ಯಕ್ಷರಿಂದ ಹಿಡಿದು ಅಜ್ಜಿಯವರೆಗೆ, ತಪ್ಪೊಪ್ಪಿಕೊಂಡು ಬಾಗಿಲಲ್ಲಿ ಕಾದಿತ್ತು. ಮರುವಾರವೇ ಡಾಕ್ಟರ್ ಆರಾಧನಾ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಒಂದು ಹಳೇ ಜೀಪಿನಲ್ಲಿ ಬಂದು ಇಳಿದರು. ಕೈಯಲ್ಲಿ ಅರವತ್ತಮೂರು ನಮೂನೆಗಳ ಕಟ್ಟು, ಮುಖದಲ್ಲಿ ಅಪಾರ ಮರುಕ. ದಾರಿ ತೋರಿಸಲು ವಿಶ್ವಾರಾಧ್ಯರು ಅಂಗಡಿಗೆ ರಜೆ ಹಾಕಿದ್ದರು.

ಮೊದಲ ಮನೆ ಗುರುಬಸಮ್ಮನದು. ವೈದ್ಯೆ ಅವಳ ಪಕ್ಕದಲ್ಲೇ ಕೂತು, ಕೈ ಹಿಡಿದು, ಎಷ್ಟು ವರ್ಷದಿಂದ ಅಜ್ಜಿ ಎಂದು ಮೆಲ್ಲಗೆ ಕೇಳಿದರು.

"ಯಜಮಾನ್ರು ಹೋದಾಗಿಂದ. ಹನ್ನೊಂದು ವರ್ಷ ಆಯ್ತು."

"ದಿನಕ್ಕೆ ಎಷ್ಟು ಸಲ?"

"ಬೆಳಗ್ಗೆ ಪೂಜೆ ಆದ್ಮೇಲೆ ಒಂದ್ಸಲ. ಸಾಯಂಕಾಲ ದೀಪ ಹಚ್ಚೋ ಹೊತ್ಗೆ ಒಂದ್ಸಲ. ಹಬ್ಬ ಹುಣ್ಣಿಮೆ ಅಂದ್ರೆ ಲೆಕ್ಕ ಇಲ್ಲ ಕಣಮ್ಮ."

ವೈದ್ಯೆ ಬರೆದುಕೊಂಡರು. "ಒಬ್ಬರೇನಾ, ಇಲ್ಲ ಜೊತೇಲಿ ಯಾರಾದ್ರೂ ಇರ್ತಾರಾ?"

"ದ್ರೌಪದಮ್ಮ ಬಂದ್ರೆ ಇಬ್ರೂ ಸೇರ್ಕೊಂಡು ಶುರು ಮಾಡ್ತೀವಿ. ಅವಳು ಹತ್ತು ನಿಮಿಷಕ್ಕೆ ಮುಗಿಸ್ತಾಳೆ. ನಂದು ಸ್ವಲ್ಪ ಜಾಸ್ತಿ."

"ಆಮೇಲೆ ಹೇಗನ್ಸುತ್ತೆ?"

"ಹಗುರ. ಒಳ್ಳೇ ನಿದ್ದೆ ಬರುತ್ತೆ."

"ಮನೇವ್ರಿಗೆ ಗೊತ್ತಾ?"

ಗುರುಬಸಮ್ಮ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಸೊಸೆಗೆ ಗೊತ್ತು. ಅವಳೂ ಬಚ್ಚಲಮನೇಲಿ ಬಾಗ್ಲು ಹಾಕ್ಕೊಂಡು… ನಾನು ಕೇಳಿಸ್ಕೊಂಡಿದೀನಿ. ಕೇಳಕ್ಕೆ ಹೋಗಿಲ್ಲ."

ವೈದ್ಯೆಯ ಪೆನ್ನು ಒಂದು ಕ್ಷಣ ನಿಂತಿತು. ವಿಶ್ವಾರಾಧ್ಯರು ಮಾತ್ರ ತಲೆದೂಗುತ್ತಿದ್ದರು. ದುಃಖವನ್ನು ಇಷ್ಟು ವೈಜ್ಞಾನಿಕವಾಗಿ, ಹೊತ್ತು ಅಳತೆ ಕೇಳಿ ಬರೆದುಕೊಳ್ಳುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ತೂಕ-ಅಳತೆಯ ಕಚೇರಿಗೆ ಇದಕ್ಕಿಂತ ಒಳ್ಳೆಯ ಸದ್ಗತಿ ಇಲ್ಲವೆಂದು ಅವರಿಗೆ ತೋರಿತು.

ಎರಡನೆಯ ಮನೆ ಯೋಗಾನಂದರದು. ಅಧ್ಯಕ್ಷರು ಇಸ್ತ್ರಿ ಅಂಗಿ ತೊಟ್ಟು, ಕಾಫಿಯ ಜೊತೆ ಕೋಡುಬಳೆ ಇಡಿಸಿ ಕಾದಿದ್ದರು. ತಮ್ಮದು ಆನ್‌ಲೈನ್ ವ್ಯಾಪಾರ ಬಂದಾಗಿನಿಂದ ಶುರುವಾದದ್ದೆಂದು ಅವರೇ ಹೇಳಿದರು. ಬೆಳಗ್ಗೆ ಎದ್ದ ತಕ್ಷಣ ಬೇಕು ಅನ್ನಿಸುತ್ತದೆಯೇ ಎಂದು ವೈದ್ಯೆ ಕೇಳಿದ್ದಕ್ಕೆ, ಬೇಕು ಅಂತ ಯಾರಿಗನ್ಸುತ್ತೆ ಮೇಡಂ, ಅಂಗಡಿ ಬಾಗಿಲು ತೆಗೆದ್ರೆ ತಾನಾಗೇ ಬರುತ್ತೆ ಎಂದರು. ಬಿಡುವ ಪ್ರಯತ್ನ ಮಾಡಿದ್ದೀರಾ ಎಂದದ್ದಕ್ಕೆ, ತಿರುಪತಿಗೆ ಹೋಗಿಬಂದ ಮೇಲೆ ಮೂರು ದಿನ ಇರಲಿಲ್ಲವೆಂದೂ ನಾಲ್ಕನೆಯ ದಿನ ಗಿರಾಕಿಯೊಬ್ಬ ಕುಕ್ಕರ್ ವಾಪಸ್ಸು ತಂದದ್ದರಿಂದ ಮತ್ತೆ ಶುರುವಾಯಿತೆಂದೂ ತಿಳಿಸಿದರು.

"ಪರವಾಗಿಲ್ಲ ಸರ್, ಎಲ್ಲಾರಿಗೂ ಹಾಗೇ ಆಗೋದು" ಎಂದರು ವೈದ್ಯೆ. "ಯಾವ್ದು ತಗೊಳ್ಳೋದು? ಬ್ರಾಂದಿನಾ, ವಿಸ್ಕಿನಾ?"

ಯೋಗಾನಂದರು ಸೋಡಾ ಕುಡಿದರೂ ಲೇಬಲ್ ಓದಿ ಕುಡಿಯುವವರು. ಅವರ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಅವರು ವಿಶ್ವಾರಾಧ್ಯರನ್ನು ನೋಡಿದರು. ವಿಶ್ವಾರಾಧ್ಯರು ವೈದ್ಯೆಯನ್ನು ನೋಡಿದರು. ವೈದ್ಯೆ ನಮೂನೆಯ ಮೇಲ್ಭಾಗವನ್ನು ತೋರಿಸಿದರು. ಅಲ್ಲಿ 'ಮದ್ಯ ಮತ್ತು ಮಾದಕ ವ್ಯಸನಮುಕ್ತಿ' ಎಂದು, ಒಂದೂ ಅಕ್ಷರದೋಷವಿಲ್ಲದೆ ಅಚ್ಚಾಗಿತ್ತು.

ಆಮೇಲೆ ಏನಾಯಿತೆಂದು ವಿಸ್ತಾರವಾಗಿ ಹೇಳುವ ಅಗತ್ಯವಿಲ್ಲ. ಮುನಿರಾಜು ಹಾಕಿದ ಫೋಟೋ ಅಷ್ಟರಲ್ಲಿ ಬೀದಿಯ ಗುಂಪಿನಿಂದ ಜಾತಿಯ ಗುಂಪಿಗೆ, ಅಲ್ಲಿಂದ ವಧೂವರರ ಗುಂಪಿಗೆ ಹೋಗಿತ್ತು. ಯೋಗಾನಂದರ ಮಗಳು ರಮ್ಯಾಳನ್ನು ನೋಡಿಹೋಗಿದ್ದ ತ್ಯಾಗರಾಜನಗರದ ಗಂಡಿನವರು ಸಂಜೆಯೇ ಫೋನು ಮಾಡಿ, ಹುಡುಗಿಯ ತಂದೆ ಬಹುಕಾಲದ ವ್ಯಸನಿಯಂತಲ್ಲ, ಅವರೇ ಮೊದಲ ಸಹಿ ಹಾಕಿದ್ದಾರಂತಲ್ಲ ಎಂದು ವಿಚಾರಿಸಿದರು. ರಮ್ಯಾ ಫೋನು ಹಿಡಿದುಕೊಂಡೇ ನಕ್ಕಳಂತೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಮರುದಿನ ಸಂಘದ ತುರ್ತು ಸಭೆ ಸೇರಿತು. ಕುಡುಕರ ಕೇಂದ್ರ ಬಂದರೆ ಬೀದಿಯ ಮಾನ ಹೋಗುತ್ತದೆ, ಮನೆಗಳಿಗೆ ಬಾಡಿಗೆದಾರರು ಬರುವುದಿಲ್ಲ, ಹೆಣ್ಣುಮಕ್ಕಳು ಓಡಾಡುವಂತಿಲ್ಲ ಎಂದು ಎಲ್ಲರೂ ಹೇಳಿದರು. ಗುರುಬಸಮ್ಮ ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಶನಿವಾರ ಹನ್ನೊಂದು ಗಂಟೆಗೆ ಕಟ್ಟಡದ ಜಗುಲಿಯಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆಯಿತ್ತು. ಅಲ್ಲಿ ಒಂದೇ ಒಂದು ಆಕ್ಷೇಪಣೆ ಬಿದ್ದರೂ ಕಡತ ವಾಪಸ್ಸು, ಕಟ್ಟಡ ಗೋದಾಮಿಗೆ ಎಂದು ಯೋಗಾನಂದರು ವಿಚಾರಿಸಿಕೊಂಡು ಬಂದಿದ್ದರು. ಆದ್ದರಿಂದ ತಪ್ಪು ಮಾಡಿದ ಪಂಡಿತರೇ ತಪ್ಪೊಪ್ಪಿಗೆ ಬರೆದು, ತಾವೇ ನಿಂತು ಓದಬೇಕೆಂದು ತೀರ್ಮಾನವಾಯಿತು.

"ಈ ಸಲ ಸಣ್ಣ ಸಣ್ಣ ಪದ ಹಾಕಿ ಸ್ವಾಮಿ" ಎಂದಳು ದ್ರೌಪದಮ್ಮ. "ನಮ್ಗೂ ಅರ್ಥ ಆಗ್ಲಿ."

ವಿಶ್ವಾರಾಧ್ಯರಿಗೆ ಆ ವಾರ ಊಟ ರುಚಿಸಲಿಲ್ಲ. 'ಕೈತಪ್ಪಿನಿಂದ' ಎಂದು ಬರೆಯುವುದೇ, 'ಅನವಧಾನದಿಂದ' ಎಂದು ಬರೆಯುವುದೇ ಎಂಬುದರಲ್ಲೇ ಎರಡು ದಿನ ಕಳೆದವು. ಶುಕ್ರವಾರ ಮಧ್ಯಾಹ್ನ, ಹಜಾರದಲ್ಲಿ ಮಹಾನಂದ ಅವರೆಕಾಳು ಹಿಸುಕುತ್ತ ಕೂತಿದ್ದಾಗ, ಅವರು ಪತ್ರವನ್ನು ಅವಳಿಗೆ ಓದಿ ತೋರಿಸಿದರು. ನಮ್ಮ ಬೀದಿಯಲ್ಲಿ ವ್ಯಸನಿಗಳು ಯಾರೂ ಇಲ್ಲ. ಹಿಂದಿನ ಪತ್ರದಲ್ಲಿ ಬಳಸಿದ ಪದ ಅನವಧಾನದಿಂದ ಆದದ್ದು. ಕೇಂದ್ರಕ್ಕೆ ನಮ್ಮೆಲ್ಲರ ಆಕ್ಷೇಪಣೆಯಿದೆ.

ಅವಳು ಕಾಳು ಹಿಸುಕುತ್ತಲೇ ಇದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ನಂಗೆ ಅವತ್ತೇ ಗೊತ್ತಿತ್ತು" ಎಂದಳು.

"ಏನು?"

"ಅದು ಕುಡಿತ ಬಿಡ್ಸೋ ಜಾಗ ಅಂತ. ಓದಿದ ತಕ್ಷಣ ಗೊತ್ತಾಯ್ತು."

ವಿಶ್ವಾರಾಧ್ಯರಿಗೆ ಕೂತಿದ್ದ ಮಣೆ ಅಲುಗಿದಂತಾಯಿತು. "ಮತ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀವು ತಿದ್ಕೊಂಬಿಡ್ತಿದ್ರಿ."

ಮಹಾನಂದ ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು. ನೀವು ಸರಿಯಾದ ಅರ್ಥ ಹೇಳಿದ್ದರೆ ಒಬ್ಬರೂ ಸಹಿ ಹಾಕುತ್ತಿರಲಿಲ್ಲ, ಒಂದು ಸಲ ನಿಮ್ಮ ತಪ್ಪಿನಿಂದ ಒಳ್ಳೆಯದಾಗಲಿ ಅಂತ ಸುಮ್ಮನಿದ್ದೆ ಎಂದಳು. ಆಮೇಲೆ ತಲೆಯೆತ್ತಿದಳು.

"ಊರೆಲ್ಲ ತಿದ್ತೀರಲ್ಲ. ಆರು ವರ್ಷದಿಂದ ಈ ಮನೇಲಿ ಪಿತ್ತ ಪಿತ್ತ ಅಂತಿದೀವಿ. ಅದನ್ನ ಯಾಕ್ರೀ ತಿದ್ದಲಿಲ್ಲ?"

ಅವಳ ದನಿ ಏರಿರಲಿಲ್ಲ. ನಾಳೆ ಆ ಕಾಗದ ಓದಿದರೆ ತನ್ನ ತಮ್ಮ ಮುಂದಿನ ವರ್ಷದ ಅವರೆಕಾಯಿ ಕಾಲಕ್ಕೆ ಇರುವುದಿಲ್ಲ, ಅಷ್ಟೇ, ಮಿಕ್ಕದ್ದು ನಿಮಗೆ ಬಿಟ್ಟದ್ದು ಎಂದು ಹೇಳಿ ಎದ್ದು ಒಳಗೆ ಹೋದಳು. ಬೇಳೆಯ ಬಟ್ಟಲು ಅಲ್ಲೇ ಇತ್ತು. ವಿಶ್ವಾರಾಧ್ಯರು ಬಹಳ ಹೊತ್ತು ಉಳಿದ ಕಾಳನ್ನು ತಾವೇ ಹಿಸುಕಿದರು. ಅರ್ಧಕ್ಕರ್ಧ ಸಿಪ್ಪೆ ಬೇಳೆಗೆ ಸೇರಿತು.

ಶನಿವಾರ ಹನ್ನೊಂದಕ್ಕೆ ಜಗುಲಿ ತುಂಬಿತ್ತು. ಬೀಗ ಒಡೆದು ಬಾಗಿಲು ತೆಗೆದಿದ್ದರು. ಒಳಗಿಂದ ಹದಿನಾಲ್ಕು ವರ್ಷದ ಗಾಳಿ ಬರುತ್ತಿತ್ತು. ಡಾಕ್ಟರ್ ಆರಾಧನಾ ಒಂದು ಕುಂಟು ಮೇಜಿನ ಹಿಂದೆ ಕೂತಿದ್ದರು. ಅವರ ಪಕ್ಕದಲ್ಲಿ ಇಲಾಖೆಯ ಅಧಿಕಾರಿ ದೊರೆಸ್ವಾಮಿ, ಆಕ್ಷೇಪಣೆ ಬರುವುದು ಖಚಿತವೆಂದು ಗೊತ್ತಿದ್ದವರಂತೆ ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಗಡಿಯಾರ ನೋಡುತ್ತಿದ್ದರು. ಊರೇ ಸೇರಿದೆಯೆಂದು ಚಿದಂಬರನೂ ಬಂದು ಕಾಂಪೌಂಡಿನ ಮೋಟುಗೋಡೆಯ ಮೇಲೆ ಕೂತಿದ್ದ. ಯಾವ ಸಭೆ, ಯಾತಕ್ಕೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪಿತ್ತದವರಿಗೆ ಇಂಥದ್ದನ್ನು ಹೇಳುವ ರೂಢಿ ಬೀದಿಯಲ್ಲಿ ಇರಲಿಲ್ಲ.

ವಿಶ್ವಾರಾಧ್ಯರು ಎದ್ದು ನಿಂತು ಕನ್ನಡಕ ಏರಿಸಿದರು.

"ಮಾನ್ಯರೇ, ನಮ್ಮ ಬೀದಿಯಲ್ಲಿ ವ್ಯಸನಿಗಳು ಯಾರೂ…"

ನಿಂತುಬಿಟ್ಟರು. ಯೋಗಾನಂದರು ಪಕ್ಕದಿಂದ "ಇಲ್ಲ" ಎಂದು ಎತ್ತಿಕೊಟ್ಟರು. ಪಂಡಿತರು ಮತ್ತೆ ಮೊದಲಿನಿಂದ ಓದಿದರು. ಮತ್ತೆ ಅದೇ ಜಾಗದಲ್ಲಿ ನಿಂತರು. ಮೂವತ್ತೊಂದು ವರ್ಷದಿಂದ ತಪ್ಪು ಕಂಡ ಜಾಗದಲ್ಲಿ ನಿಲ್ಲುತ್ತಿದ್ದ ಕಣ್ಣು. ಅದು ಮುಂದೆ ಹೋಗಲು ಒಪ್ಪಲಿಲ್ಲ. ಬಾಯಿ ಒಪ್ಪಿದ್ದರೆ ಹೋಗುತ್ತಿತ್ತೇನೋ, ಅದೂ ಒಪ್ಪಲಿಲ್ಲ.

"ಇದ್ರಲ್ಲಿ ಒಂದು ತಪ್ಪಿದೆ" ಎಂದರು.

ಜಗುಲಿಯಲ್ಲಿ ನಿಟ್ಟುಸಿರು ಕೇಳಿಸಿತು. ಪಂಡಿತರೇ, ಅಕ್ಷರ ಆಮೇಲೆ ತಿದ್ದಬಹುದು, ಈಗ ಓದಿ ಎಂದು ಯೋಗಾನಂದರು ಹಲ್ಲು ಕಚ್ಚಿಕೊಂಡು ಹೇಳಿದರು.

"ಅಕ್ಷರ ಎಲ್ಲಾ ಸರಿಯಾಗಿದೆ. ಅಕ್ಷರದ ತಪ್ಪಲ್ಲ." ವಿಶ್ವಾರಾಧ್ಯರು ಕಾಗದ ಮಡಿಸಿದರು. "ನಮ್ಮನೇಲಿ ಒಬ್ಬ ಇದಾನೆ. ನನ್ನ ಭಾಮೈದ, ಚಿದಂಬರ. ಅವನಿಗಿರೋದು ಪಿತ್ತ ಅಲ್ಲ. ಕುಡೀತಾನೆ. ಅವನು ಸತ್ತೋಗ್ತಾನೆ ಅಂತ ನನ್ನ ಹೆಂಡ್ತಿ ಹೆದ್ರಿದಾಳೆ. ನಾನೂ ಹೆದ್ರಿದೀನಿ, ಆದ್ರೆ ಅದನ್ನ ಇವತ್ತಿನ ತನಕ ಹೇಳಿರ್ಲಿಲ್ಲ. ಯಾರೂ ಇಲ್ಲ ಅಂತ ನಾನು ಓದಲ್ಲ ಸ್ವಾಮಿ. ಬೇರೆ ಯಾರಾದ್ರೂ ಓದೋದಾದ್ರೆ ಓದ್ಕೊಳ್ಲಿ."

ಕಾಗದವನ್ನು ಯೋಗಾನಂದರ ಕೈಗೆ ಕೊಟ್ಟು ಕೂತರು. ಇಷ್ಟು ವ್ಯಾಕರಣವಿಲ್ಲದ ಮಾತನ್ನು ಅವರು ಸಾರ್ವಜನಿಕವಾಗಿ ಆಡಿದ್ದು ಅದೇ ಮೊದಲು.

ಯೋಗಾನಂದರು ಕಾಗದ ಬಿಡಿಸಿದರು. ಓದಲು ಬಾಯಿ ತೆರೆಯುವಷ್ಟರಲ್ಲಿ ಗುರುಬಸಮ್ಮ ಕೋಲೂರಿ ಎದ್ದಳು.

"ನಿಲ್ಸಪ್ಪ ಯೋಗಾನಂದ. ನಮ್ ಯಜಮಾನ್ರಿಗೆ ಹಾರ್ಟು ಅಂತ ಕಾರ್ಡಲ್ಲಿ ಹಾಕ್ಸಿದ್ವಲ್ಲ, ಹಾರ್ಟಲ್ಲ. ಈ ಪಂಡಿತ್ರೇ ತಿದ್ದಿದ ಕಾರ್ಡು. ಅವರಿಗೆ ಅಕ್ಷರ ಕಾಣಿಸ್ತು, ಸುಳ್ಳು ಕಾಣಿಸ್ಲಿಲ್ಲ. ಅವತ್ತು ಇಂಥದ್ದೊಂದು ಜಾಗ ಇದ್ದಿದ್ರೆ ನಾನ್ಯಾಕೆ ದಿನಾ ಎರಡು ಹೊತ್ತು ಅಳ್ತಿದ್ದೆ?"

ಡಾಕ್ಟರ್ ಆರಾಧನಾ ಗುರುಬಸಮ್ಮನ ನಮೂನೆಯನ್ನು ಕಟ್ಟಿನಿಂದ ತೆಗೆದು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. ನಗುವೋ ಇನ್ನೊಂದೋ ತಿಳಿಯಲಿಲ್ಲ. ದ್ರೌಪದಮ್ಮ ತಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲವೆಂದು ಸಾರಿ, ಗಂಡ ಬಚ್ಚಪ್ಪನನ್ನು ದಿಟ್ಟಿಸಿದಳು. ಬಚ್ಚಪ್ಪ ಭಾನುವಾರ ಮಾತ್ರ ಎಂದು ಮೆತ್ತಗೆ ಹೇಳಿ, ಸುತ್ತಲಿನವರು ತಿರುಗಿ ನೋಡಿದ್ದರಿಂದ, ಹಬ್ಬಕ್ಕೂ ಎಂದು ಸೇರಿಸಿದ.

ಕಾಗದ ಯೋಗಾನಂದರ ಕೈಯಲ್ಲೇ ಉಳಿಯಿತು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಆಕ್ಷೇಪಣೆ ಇಲ್ಲ, ಆದರೆ ತಾವು ವ್ಯಸನಿಯಲ್ಲವೆಂದು ಇಲಾಖೆಯ ಮೊಹರು ಹಾಕಿದ ಒಂದು ಚೀಟಿ ಬೇಕು, ಬೀಗರಿಗೆ ತೋರಿಸಲು ಎಂದರು. ಚೀಟಿ ಕೊಡಲು ಬರುವುದಿಲ್ಲವೆಂದು ದೊರೆಸ್ವಾಮಿ ಅವರಿಗೆ ವಿವರಿಸುತ್ತಿರುವಾಗ, ಮೋಟುಗೋಡೆಯಿಂದ ಚಿದಂಬರ ಇಳಿದು ಬಂದ. ಯಾರ ಮುಖವನ್ನೂ ನೋಡಲಿಲ್ಲ.

"ಯಾವಾಗ ತೆಗೀತೀರಾ ಮೇಡಂ ಇದನ್ನ?"

ಎರಡು ತಿಂಗಳಾದರೂ ಬೇಕು, ನೀರಿಲ್ಲ, ಮಂಚವಿಲ್ಲ ಎಂದರು ವೈದ್ಯೆ.

"ಎರಡು ತಿಂಗಳು ನನ್ ಕೈಲಿ ಆಗಲ್ಲ. ಇವತ್ತು ಮನಸ್ಸು ಬಂದಿದೆ. ನಾಳೆ ಅಂದ್ರೆ ನಾನೇ ನಂಬಲ್ಲ."

ವೈದ್ಯೆ ಅವನ ನಡುಗುವ ಕೈ ನೋಡಿದರು. ಕುಡಿತವನ್ನು ಮನೆಯಲ್ಲಿ ಒಮ್ಮೆಲೇ ಬಿಡುವುದು ಅಪಾಯ, ಮೊದಲ ಹತ್ತು ದಿನ ಆಸ್ಪತ್ರೆಯಲ್ಲೇ ಇರಬೇಕು, ಈಗಲೇ ನನ್ನ ಜೀಪಿನಲ್ಲಿ ಕರೆದೊಯ್ಯುತ್ತೇನೆ, ಅದು ಮುಗಿದ ಮೇಲೆ ಇಲ್ಲಿಗೆ ಬರಬಹುದು, ಅಷ್ಟರಲ್ಲಿ ಒಂದು ಕೋಣೆಯನ್ನಾದರೂ ಸಿದ್ಧ ಮಾಡಿಸುತ್ತೇನೆ ಎಂದರು. ಚಿದಂಬರ ಆಗಲಿ ಎಂದ. ಒಂದು ಟವೆಲ್ ತೆಗೆದುಕೊಂಡು ಬರುತ್ತೇನೆ ಎಂದು ಹೊರಟ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಟವೆಲ್ಲಿಗೆ ಇಷ್ಟು ಹೊತ್ತು ಬೇಕಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೀದಿಯ ತಿರುವಿನಲ್ಲಿ ಒಂದು ವೈನ್ ಸ್ಟೋರ್ ಇತ್ತು. ಆ ದಿಕ್ಕಿಗೆ ಯಾರೂ ನೋಡಲಿಲ್ಲ. ಎಲ್ಲರೂ ಅಷ್ಟು ಕಷ್ಟಪಟ್ಟು ನೋಡದೆ ನಿಂತದ್ದರಿಂದ ಅದೊಂದೇ ಇಡೀ ಬೀದಿಯಲ್ಲಿ ಎದ್ದು ಕಾಣುತ್ತಿತ್ತು. ಮಹಾನಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ವಿಶ್ವಾರಾಧ್ಯರು ಅವಳ ಪಕ್ಕಕ್ಕೆ ಬಂದು ನಿಂತರು.

ಚಿದಂಬರ ಮನೆಯ ಕಡೆಯಿಂದಲೇ ಬಂದ. ಸ್ನಾನ ಮಾಡಿದ್ದ, ಗಡ್ಡ ಹೆರೆದಿದ್ದ, ಕೈ ನಡುಗಿ ಗಲ್ಲದ ಮೇಲೆ ಎರಡು ಕಡೆ ಗಾಯ ಮಾಡಿಕೊಂಡಿದ್ದ. ಮದುವೆಗೆ ಹೋಗುವ ಬಿಳಿ ಅಂಗಿ ಹಾಕಿದ್ದ.

"ಸರ್ಕಾರಿ ಗಾಡಿ ಅಕ್ಕ" ಎಂದ. "ಹಂಗೇ ಹತ್ತಕ್ಕಾಗುತ್ತಾ?"

ಹತ್ತಿ ಕೂತ. ಟವೆಲ್ ಮರೆತಿದ್ದ. ವೈದ್ಯೆ ಮುಂದಿನ ಸೀಟಿಗೆ ಹತ್ತಿದರು. ಡ್ರೈವರ್ ಕೀಲಿ ತಿರುಗಿಸಿದ. ಜೀಪು ಕೆಮ್ಮಿತು. ಮತ್ತೆ ತಿರುಗಿಸಿದ. ಅಷ್ಟೂ ಇಲ್ಲ. ಚಿದಂಬರ ತಾಂತ್ರಿಕ ಕುತೂಹಲದಿಂದ ಕತ್ತು ಚಾಚಿ, ಇಳಿದು ನೋಡಲೇ ಎಂದು ಕೇಳಿದ. ಬೇಡ, ಕೂತ್ಕೋ ಎಂದು ಬೀದಿಗೆ ಬೀದಿಯೇ ಒಂದೇ ದನಿಯಲ್ಲಿ ಹೇಳಿತು. ಇಳಿದವನು ಮತ್ತೆ ಹತ್ತುವನೆಂದು ಯಾರು ಬರೆದುಕೊಡುತ್ತಾರೆ?

ಮೊದಲು ಕೈ ಹಚ್ಚಿದವರು ವಿಶ್ವಾರಾಧ್ಯರು. ಅವರ ಪಕ್ಕಕ್ಕೆ ಮುನಿರಾಜು ಬಂದ, ಬಚ್ಚಪ್ಪ ಬಂದ. ಯೋಗಾನಂದರು ಒಂದು ಕ್ಷಣ ತಮ್ಮ ಇಸ್ತ್ರಿ ಅಂಗಿಯನ್ನು ನೋಡಿಕೊಂಡು, ಆಮೇಲೆ ಅವರೂ ಬಂದರು. ಜೀಪು ಉರುಳಿತು, ಗುಡುಗಿತು, ಹತ್ತು ಮಾರು ತಾನಾಗಿ ಓಡಿತು, ಮತ್ತು ವೈನ್ ಸ್ಟೋರಿನ ಮುಂದೆ, ಸರಿಯಾಗಿ ಅದರ ಬಾಗಿಲಿನ ಮುಂದೆ, ನಿಂತುಹೋಯಿತು.

ಆ ಬೀದಿಯಲ್ಲಿ ಅಷ್ಟು ಜನ ಅಷ್ಟು ವೇಗವಾಗಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ದ್ರೌಪದಮ್ಮ ತರಕಾರಿ ಗಾಡಿ ಬಿಟ್ಟು ಓಡಿದಳು. ದೊರೆಸ್ವಾಮಿ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಓಡಿದರು. ಮಹಾನಂದ ಎಲ್ಲರಿಗಿಂತ ಮುಂದಿದ್ದಳು. ಇಪ್ಪತ್ತು ಮೂವತ್ತು ಕೈಗಳು ಒಟ್ಟಿಗೆ ಬಿದ್ದ ರಭಸಕ್ಕೆ ಜೀಪು, ಸರ್ಕಾರಿ ವಾಹನವೆಂಬುದನ್ನೂ ಮರೆತು, ಒಂದೇ ನೆಗೆತಕ್ಕೆ ಸದ್ದು ಮಾಡಿ ತಿರುವು ದಾಟಿತು. ಹಿಂದಿನ ಸೀಟಿನಿಂದ ಒಂದು ಬಿಳಿ ತೋಳು ಹೊರಗೆ ಬಂದು ಬೀಸಿತು. ಅದು ನಡುಗುತ್ತಿತ್ತೋ, ಜೀಪೇ ನಡುಗುತ್ತಿತ್ತೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

ಎಲ್ಲರೂ ಅಲ್ಲೇ ನಿಂತು ಏದುಸಿರು ಬಿಟ್ಟರು. ಯೋಗಾನಂದರು ಕೈಗೆ ಹತ್ತಿದ ಗ್ರೀಸನ್ನು ಒರೆಸಲು ಜೇಬಿನಿಂದ ನಾಲ್ಕು ಮಡಿಕೆಯ ಆ ಕಾಗದವನ್ನು ತೆಗೆದು, ಚೆನ್ನಾಗಿ ಒರೆಸಿ, ಮುದ್ದೆ ಮಾಡಿ ಎಸೆದರು.

"ಅಲ್ರೀ, ಡಾಕ್ಟ್ರು ಹತ್ತೇ ದಿನ ಅಂದ್ರು" ಎಂದರು. "ಆ ಕಟ್ಟಡಕ್ಕೆ ಸುಣ್ಣ ಹೊಡೆಯೋರು ಯಾರು?"